ಕೆಡವುವ ಮೊದಲು ಪರೀಕ್ಷೆ, ಕಟ್ಟುವ ಮೊದಲು ದುರಸ್ತಿಯ ಹಣ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹಳೆಯ ವಸತಿ ಸಮುಚ್ಚಯಗಳಲ್ಲಿ ಸಜ್ಜೆ ಕಳಚಿ ಬಿತ್ತು, ಸ್ಲ್ಯಾಬಿನ ಗಾರೆ ಉದುರಿತು ಎಂಬ ಸುದ್ದಿ ಮಳೆಗಾಲ ಬಂತೆಂದರೆ ತಪ್ಪುವುದಿಲ್ಲ. ಅಧಿಕಾರಿಗಳು ಬಂದು ನೋಡಿ ಹೋಗುತ್ತಾರೆ, ‘ಶಿಥಿಲ’ ಎಂಬ ನೋಟಿಸ್ ಅಂಟುತ್ತದೆ. ಅದರ ಹಿಂದೆಯೇ ಕೆಡವಿ ಕಟ್ಟುವ ಪ್ರಸ್ತಾವ ಬರುತ್ತದೆ: ಇಲ್ಲಿದ್ದ ಬಡವರಿಗೆ ಇಷ್ಟು ಮನೆ, ಕಡಿಮೆ ಆದಾಯದ ನೌಕರ ವರ್ಗಕ್ಕೆ ಇಷ್ಟು, ಉಳಿದದ್ದು ಮಾರುಕಟ್ಟೆ ಬೆಲೆಗೆ. ಬೇರೆ ಬೇರೆ ಆದಾಯದವರು ಒಂದೇ ಆವರಣದಲ್ಲಿ ಬಾಳಬೇಕೆಂಬ ಆಶಯವನ್ನು ನಾವು ಮನಸಾರೆ ಒಪ್ಪುತ್ತೇವೆ. ಅದು ನಮ್ಮೂರಿಗೆ ಹೊಸದೂ ಅಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ವಠಾರಗಳಲ್ಲಿ ಮುಂದೆ ಮಾಲೀಕರ ಮನೆ, ಹಿಂದೆ ಮೇಷ್ಟ್ರು, ಗುಮಾಸ್ತರು, ಅಡುಗೆಯವರು, ದರ್ಜಿಗಳ ಸಾಲು ಮನೆಗಳು ಇದ್ದವು. ಬಾವಿ ಒಂದೇ, ಬೀದಿ ಬಾಗಿಲು ಒಂದೇ. ಹಾಗೆ ಬಾಳಿದ ಊರಿನಲ್ಲಿ ಇಂದಿನ ಮಿಶ್ರ ವಸತಿ ಯೋಜನೆಗಳು ಹತ್ತು ವರ್ಷ ಕಳೆಯುವುದರೊಳಗೆ ಕೆಟ್ಟು ಕೂರುತ್ತಿರುವುದಕ್ಕೆ ಕಾರಣ ಜನರ ನಡುವಿನ ಹೊಂದಾಣಿಕೆಯಲ್ಲಿಲ್ಲ. ಅದು ತಾರಸಿಯಲ್ಲಿ, ಪೈಪಿನಲ್ಲಿ ಮತ್ತು ತಿಂಗಳ ನಿರ್ವಹಣೆ ಹಣದ ಲೆಕ್ಕದಲ್ಲಿ ಇದೆ. ವಸತಿ ಕಟ್ಟಡಗಳ ಪರೀಕ್ಷೆ ಮತ್ತು ದುರಸ್ತಿಯಲ್ಲಿ ತೊಡಗಿರುವ ನಾವು ಈ ಮೂರನ್ನು ಕುರಿತು ವಿವರವಾಗಿಯೇ ಬರೆಯಬೇಕಾಗಿದೆ.

ಮೊದಲು ಈಜಿಪುರದ ಮಾತು. ಕೋರಮಂಗಲದ ಮಗ್ಗುಲಲ್ಲಿ ಪಾಲಿಕೆ ಕಟ್ಟಿದ್ದ ಆರ್ಥಿಕವಾಗಿ ದುರ್ಬಲ ವರ್ಗದ ವಸತಿಗೃಹಗಳಲ್ಲಿ 2007ರಲ್ಲಿ ಕುಸಿತವಾಯಿತು. ಖಾಸಗಿ ಸಹಭಾಗಿತ್ವದಲ್ಲಿ ಜಾಗದ ಒಂದು ಪಾಲು ವಾಣಿಜ್ಯ ಬಳಕೆಗೆ, ಇನ್ನೊಂದು ಪಾಲು ಮನೆಗಳಿಗೆ ಎಂಬ ಯೋಜನೆ ಬಂತು. 2013ರ ಜನವರಿಯಲ್ಲಿ ಅಲ್ಲಿದ್ದವರನ್ನು ತೆರವು ಮಾಡಲಾಯಿತು. ಎಷ್ಟೋ ಕುಟುಂಬಗಳು ಪಕ್ಕದ ಫುಟ್‌ಪಾತಿನಲ್ಲೇ ಪ್ಲಾಸ್ಟಿಕ್ ಹೊದಿಸಿಕೊಂಡು ತಿಂಗಳುಗಟ್ಟಲೆ ಕಳೆದವು. ಮೂಲ ಹಂಚಿಕೆದಾರರಿಗೆ ಮಾತ್ರ ಹಕ್ಕು ಎಂದಾಗ ಬಾಡಿಗೆಗೆ ಇದ್ದವರು ಪಟ್ಟಿಯಿಂದಲೇ ಹೊರಗುಳಿದರು. ಈ ತಪ್ಪು ಮತ್ತೆ ಆಗಬಾರದೆಂದರೆ ‘ಶಿಥಿಲ’ ಎಂಬ ಮಾತನ್ನು ಯಾರು, ಯಾವ ಪರೀಕ್ಷೆಯ ಮೇಲೆ ಹೇಳುತ್ತಾರೆ ಎಂಬಲ್ಲಿಂದ ಶುರು ಮಾಡಬೇಕು.

1980 ಮತ್ತು 90ರ ದಶಕದ ಕಟ್ಟಡಗಳು ಒಟ್ಟೊಟ್ಟಿಗೆ ಈಗ ಹಾಳಾಗುತ್ತಿರುವುದಕ್ಕೆ ಸ್ಪಷ್ಟ ಕಾರಣವಿದೆ. ಕಾಂಕ್ರೀಟಿನೊಳಗಿನ ಕ್ಷಾರ ಗುಣ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊರಗಿನಿಂದ ಒಳಕ್ಕೆ ಇಳಿಯುತ್ತಾ ಆ ಗುಣವನ್ನು ಕಳೆಯುತ್ತದೆ. ಈ ಇಳಿತ ವರ್ಷಗಳ ವರ್ಗಮೂಲದ ಲೆಕ್ಕದಲ್ಲಿ ನಡೆಯುತ್ತದೆ: 9 ವರ್ಷಕ್ಕೆ 9 ಮಿಲಿಮೀಟರ್ ಇಳಿದಿದ್ದರೆ 25 ವರ್ಷಕ್ಕೆ 15 ಮಿಲಿಮೀಟರ್. ಆ ಕಾಲದ ಕಾಂಕ್ರೀಟ್ ಸಂಹಿತೆಯ ಪ್ರಕಾರ ಸ್ಲ್ಯಾಬಿನ ಕಂಬಿಗೆ ಇರಬೇಕಾಗಿದ್ದ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಅಷ್ಟೇ, 15 ಮಿಲಿಮೀಟರ್. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟು ಕಾಂಕ್ರೀಟ್ ಸುರಿದ ಕಡೆ 5 ಮಿಲಿಮೀಟರ್ ಕೂಡ ಇರುವುದಿಲ್ಲ. ಇಂಗಾಲ ಕಂಬಿಯವರೆಗೆ ತಲುಪಿದ ಮೇಲೆ ನೀರೂ ಸಿಕ್ಕಿತೆಂದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಅಡಿಯ ಕಾಂಕ್ರೀಟನ್ನು ಒದ್ದು ಉದುರಿಸುತ್ತದೆ. ಶೌಚಾಲಯದ ಸ್ಲ್ಯಾಬ್, ತಾರಸಿಯ ಸ್ಲ್ಯಾಬ್, ಸಜ್ಜೆ ಈ ಮೂರೇ ಮೊದಲು ಕೆಡುವುದು ಇದಕ್ಕಾಗಿ. ಹಾಗೆ ಉದುರಿದ ಮಾತ್ರಕ್ಕೆ ಇಡೀ ಕಟ್ಟಡ ಹೋಯಿತು ಎಂದಾಗುವುದಿಲ್ಲ. ಕಾಲಂ, ಬೀಮುಗಳು ಗಟ್ಟಿಯಾಗಿರುವ ಕಟ್ಟಡಗಳು ಬೇಕಾದಷ್ಟಿವೆ.

ಪರೀಕ್ಷೆ ಹೀಗೆ ನಡೆಯಬೇಕು. ಪ್ರತಿ ಮನೆಯ ಪ್ರತಿ ಸ್ಲ್ಯಾಬನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತಿಸಿ ನಕ್ಷೆಗೆ ಇಳಿಸಬೇಕು. ಒಡೆದ ಹೊಸ ಮೈಮೇಲೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಕಾಂಕ್ರೀಟ್ ನೇರಳೆಗೆಂಪಿಗೆ ತಿರುಗುತ್ತದೆ, ಕಳೆದುಕೊಂಡದ್ದು ಬಣ್ಣ ಬದಲಿಸುವುದಿಲ್ಲ. ಆ ಗಡಿ ಕಂಬಿಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕು. ತಾಮ್ರ-ತಾಮ್ರದ ಸಲ್ಫೇಟ್ ಕೋಶದ ಅಳತೆಯಲ್ಲಿ ಕಂಬಿಯ ವಿದ್ಯುತ್ ವಿಭವ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಬಂದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ 90 ಶೇಕಡಾಕ್ಕಿಂತ ಹೆಚ್ಚು. ಕೊನೆಗೆ ಕಾಲಂ, ಬೀಮುಗಳಿಂದ ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ಉರುಳೆ) ತೆಗೆದು ಪ್ರಯೋಗಾಲಯದಲ್ಲಿ ಒತ್ತಿ ನೋಡಬೇಕು.

ಇಲ್ಲಿ ಎರಡು ಕಡೆ ವರದಿಗಳು ದಾರಿ ತಪ್ಪುತ್ತವೆ. ಮೇಲ್ಮೈಗೆ ಬಡಿದು ಪುಟಿತ ಅಳೆಯುವ ರಿಬೌಂಡ್ ಹ್ಯಾಮರ್ ಒಂದನ್ನೇ ನೆಚ್ಚಿ ಬರೆದ ವರದಿಗೆ ಬೆಲೆ ಕೊಡಬಾರದು. ಇಂಗಾಲ ಇಳಿದ ಕಾಂಕ್ರೀಟಿನ ಮೇಲ್ಮೈ ಗಡುಸಾಗಿರುತ್ತದೆ, ಹ್ಯಾಮರ್ ಇಲ್ಲದ ಬಲವನ್ನು ತೋರಿಸುತ್ತದೆ. ಇದಕ್ಕೆ ತಿರುವುಮುರುವಾದ ತಪ್ಪು ಎಂದರೆ, ಹಳೆಯ ಕಟ್ಟಡದ ಕೋರ್ ಫಲಿತಾಂಶವನ್ನು ಇಂದಿನ ಎಂ20 (ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳುವ ದರ್ಜೆಯ) ಕಾಂಕ್ರೀಟಿನ ಜೊತೆ ಹೋಲಿಸಿ ‘ಅನುತ್ತೀರ್ಣ’ ಎಂದುಬಿಡುವುದು. ಆರ್‌ಸಿಸಿಗೆ ಎಂ20 ಕನಿಷ್ಠ ಎಂಬ ನಿಯಮ ಬಂದದ್ದು ಐಎಸ್ 456 ಎಂಬ ಭಾರತೀಯ ಕಾಂಕ್ರೀಟ್ ಸಂಹಿತೆಯ 2000ದ ಪರಿಷ್ಕರಣೆಯಲ್ಲಿ. ಅದಕ್ಕೂ ಹಿಂದಿನ 1978ರ ಸಂಹಿತೆಯಲ್ಲಿ ಎಂ15 ಒಪ್ಪಿತವಾಗಿತ್ತು. ಮೂರು ಕೋರ್‌ಗಳ ಸರಾಸರಿ ಆ ದರ್ಜೆಯ 85 ಶೇಕಡಾ ಮುಟ್ಟಬೇಕು, ಯಾವ ಕೋರ್ ಕೂಡ 75 ಶೇಕಡಾಕ್ಕಿಂತ ಕೆಳಗಿರಬಾರದು ಎಂಬ ಸಂಹಿತೆಯ ಅಳತೆಗೋಲಿನಲ್ಲಿ ಎಂ15 ಕಟ್ಟಡಕ್ಕೆ ಬೇಕಾದದ್ದು ಚದರ ಮಿಲಿಮೀಟರಿಗೆ ಸರಾಸರಿ 12.75, ಒಂದೊಂದಕ್ಕೆ 11.25 ನ್ಯೂಟನ್. ಅದರ ಮೇಲೆ ಕಟ್ಟಡ ಇಂದು ಹೊರುತ್ತಿರುವ ಭಾರವನ್ನು ಲೆಕ್ಕ ಹಾಕಿ ತೀರ್ಮಾನಿಸಬೇಕು. ದುರಸ್ತಿಯ ಖರ್ಚು ಹೊಸದಾಗಿ ಕಟ್ಟುವ ಖರ್ಚಿನ ಅರ್ಧ ದಾಟಿದರೆ ಕೆಡವುವ ಮಾತಾಡಬಹುದು. ಅಷ್ಟು ದಾಟದ ಕಟ್ಟಡವನ್ನು ಕೆಡವುವುದು ಬಡವರ ತಲೆಯ ಮೇಲಿನ ಸೂರನ್ನು ಸುಮ್ಮನೆ ಕಿತ್ತಂತೆ ಎಂದೇ ನಮ್ಮ ಅಭಿಪ್ರಾಯ.

ದುರಸ್ತಿಯಲ್ಲಿ ಕ್ರಮ ತಪ್ಪಿದರೆ ಹಾಕಿದ ಹಣ ಎರಡು ಮಳೆಗಾಲದಲ್ಲಿ ಹೋಗುತ್ತದೆ. ಮೊದಲು ನೀರು ನಿಲ್ಲಬೇಕು, ಆಮೇಲೆ ಕಂಬಿ, ಕೊನೆಗೆ ಗಾರೆ. ನಮ್ಮ ಟೆಂಡರುಗಳಲ್ಲಿ ಇದು ತಲೆಕೆಳಗಾಗಿದೆ: ಅಡಿಯಿಂದ ಗಾರೆ ಬಳಿದು ಸುಣ್ಣ ಹೊಡೆದು ಬಿಲ್ ಮಾಡಿಕೊಳ್ಳುವುದು ಸುಲಭ, ಮೇಲೆ ಯಾರದೋ ಮನೆಯ ಬಚ್ಚಲು ಅಗೆಯುವುದು ಕಷ್ಟ. ತಾರಸಿಯಲ್ಲಿ ಇನ್ನೊಂದು ಅಪಾಯವಿದೆ. ಸೋರಿದಾಗಲೆಲ್ಲ ಹಳೆಯ ಇಟ್ಟಿಗೆ ಜಲ್ಲಿ ಪದರದ ಮೇಲೇ ಹೊಸ ಪದರ ಹಾಕುತ್ತಾರೆ. 4 ಇಂಚಿನ ಆ ಒಂದು ಪದರ ಚದರ ಮೀಟರಿಗೆ 180ರಿಂದ 200 ಕಿಲೋ ತೂಗುತ್ತದೆ. ತಾರಸಿಯಲ್ಲಿ ಜನ ಓಡಾಡಲೆಂದು ವಿನ್ಯಾಸದಲ್ಲಿ ಲೆಕ್ಕ ಹಿಡಿಯುವ ಭಾರವೇ ಚದರ ಮೀಟರಿಗೆ 150 ಕಿಲೋ. ಆದ್ದರಿಂದ ಹಳೆಯದನ್ನು ಸ್ಲ್ಯಾಬಿನವರೆಗೆ ಕಿತ್ತು, ಬಿರುಕು ತುಂಬಿ, 100ಕ್ಕೆ 1ರ ಇಳಿಜಾರು ಕೊಟ್ಟು, ಪ್ಯಾರಪೆಟ್ ಮೂಲೆಗಳನ್ನು ಗುಂಡಗೆ ಮಾಡಿ, ಜಲನಿರೋಧಕ ಪದರವನ್ನು ಗೋಡೆಯ ಮೇಲೆ ಒಂದಡಿ ಹತ್ತಿಸಬೇಕು. ಮಳೆನೀರಿನ ಪೈಪುಗಳ ಬಾಯಿ ಕಟ್ಟಿ 48 ಗಂಟೆ ನೀರು ನಿಲ್ಲಿಸಿ, ಕೆಳಮನೆಯ ಚಾವಣಿ ಒಣಗಿಯೇ ಇದೆ ಎಂದು ನೋಡಿದ ಮೇಲೆ ಹಣ ಬಿಡುಗಡೆಯಾಗಬೇಕು. ಬಚ್ಚಲಿಗೂ ಇದೇ ಪರೀಕ್ಷೆ, ಟೈಲ್ಸ್ ಕೂರಿಸುವ ಮುಂಚೆ. ಸೋರುವುದು ಬಹುಪಾಲು ಬಚ್ಚಲ ನೀರು ಹೊರಹೋಗುವ ನಹನಿ ಟ್ರ್ಯಾಪಿನ ಸುತ್ತ ಮತ್ತು ಪೈಪು ಸ್ಲ್ಯಾಬನ್ನು ದಾಟುವ ಜಾಗದಲ್ಲಿ. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಅದು ನಿಲ್ಲುವುದಿಲ್ಲ.

ನೀರು ನಿಂತ ಮೇಲೆ ಸ್ಲ್ಯಾಬಿಗೆ ಅಡಿಯಿಂದ ಆನಿಕೆಯಾಗಿ ಮೀಟರಿಗೊಂದರಂತೆ ಜಾಕ್ ಕೊಡಬೇಕು. ಕೆಳಗಿನ ಎಲ್ಲ ಅಂತಸ್ತುಗಳಲ್ಲೂ ಅದೇ ಗೆರೆಯಲ್ಲಿ ಜಾಕ್ ಇರಬೇಕು, ಇಲ್ಲದಿದ್ದರೆ ಭಾರ ಕೆಳಮನೆಯ ಸ್ಲ್ಯಾಬಿನ ಮೇಲೆ ಕೂರುತ್ತದೆ. ಟೊಳ್ಳು ಕಾಂಕ್ರೀಟನ್ನು ಕಂಬಿಯ ಹಿಂದೆ 20 ಮಿಲಿಮೀಟರ್ ಹೋಗುವವರೆಗೆ, ಉದ್ದಕ್ಕೆ ತುಕ್ಕಿಲ್ಲದ ಕಂಬಿ ಕಂಡ ಮೇಲೂ 2 ಇಂಚು ಮುಂದುವರಿಸಿ ಕೊರೆಯಬೇಕು. ಇಲ್ಲಿ ಅವಸರ ಮಾಡಿ ತುಕ್ಕು ಕಂಡಷ್ಟನ್ನೇ ಕಿತ್ತು ತೇಪೆ ಹಾಕಿದರೆ ತೇಪೆಯ ಅಂಚಿನಲ್ಲಿ ಹೊಸ ತುಕ್ಕು ಇನ್ನೂ ಜೋರಾಗಿ ಹುಟ್ಟುತ್ತದೆ. ಕಂಬಿಯನ್ನು ವೈರ್ ಬ್ರಷ್‌ನಿಂದ ಲೋಹದ ಹೊಳಪು ಬರುವವರೆಗೆ ಉಜ್ಜಿ, ಕ್ಯಾಲಿಪರಿನಲ್ಲಿ ಅಳೆಯಬೇಕು. 8 ಮಿಲಿಮೀಟರ್ ಕಂಬಿ 7ಕ್ಕೆ ಸವೆದಿದ್ದರೆ ಕಣ್ಣಿಗೆ ಕಾಣುವುದು ಒಂದೇ ಮಿಲಿಮೀಟರ್ ನಷ್ಟ, ಆದರೆ ಅಡ್ಡಕೊಯ್ತದ ಲೆಕ್ಕದಲ್ಲಿ ಹೋದದ್ದು ಹೆಚ್ಚು ಕಡಿಮೆ ಕಾಲು ಭಾಗ. ಅಂಥಲ್ಲಿ ಪಕ್ಕದಲ್ಲಿ ಹೊಸ ಕಂಬಿ ಇಟ್ಟು ಎರಡೂ ತುದಿಗೆ ಕನಿಷ್ಠ 400 ಮಿಲಿಮೀಟರ್ ಜೋಡಣೆ ಸಿಗುವಂತೆ ಕಟ್ಟಬೇಕು. ಆಮೇಲೆ ತುಕ್ಕುನಿರೋಧಕ ಲೇಪ, ಹಳತು ಹೊಸತು ಬೆಸೆಯುವ ಲೇಪ, ಅದು ಒಣಗುವ ಮುಂಚೆಯೇ ಪಾಲಿಮರ್ ಗಾರೆ. ಒಂದು ಸಲಕ್ಕೆ 10ರಿಂದ 15 ಮಿಲಿಮೀಟರ್ ದಪ್ಪ ಸಾಕು. ತಲೆಯ ಮೇಲಿನ ಕೆಲಸದಲ್ಲಿ ಒಂದೇ ಏಟಿಗೆ 40 ಮಿಲಿಮೀಟರ್ ಬಳಿದರೆ ತನ್ನ ತೂಕಕ್ಕೇ ಜೋತು ಬಿದ್ದು ಒಳಗೆ ಟೊಳ್ಳಾಗುತ್ತದೆ. ಅಷ್ಟು ದಪ್ಪ ಬೇಕಾದರೆ ಸೆಂಟ್ರಿಂಗ್ ಕಟ್ಟಿ, ಸಣ್ಣ ಜಲ್ಲಿಯ, ತಾನೇ ಹರಿದು ತುಂಬುವ ಮೈಕ್ರೋ ಕಾಂಕ್ರೀಟ್ ಸುರಿಯುವುದೇ ಸರಿ.

ಕಾಲಂಗಳಿಗೆ ಜಾಕೆಟ್ (ಸುತ್ತ ಹೊಸ ಕಂಬಿ, ಕಾಂಕ್ರೀಟಿನ ಹೊದಿಕೆ) ಹಾಕುವಾಗ ಸಾಮಾನ್ಯವಾಗಿ ಕಾಣುವ ದೋಷ, ಅದನ್ನು ನೆಲದ ಮಟ್ಟದಿಂದ ಶುರು ಮಾಡುವುದು. ಭಾರ ಇಳಿಯಬೇಕಾದದ್ದು ಪಾಯಕ್ಕೆ. ಪಾಯದವರೆಗೆ ಅಗೆದು ಅಲ್ಲಿಂದಲೇ ಹೊಸ ಕಂಬಿ ಎಬ್ಬಿಸಬೇಕು. ಸುತ್ತ ನಾಲ್ಕು ಇಂಚಿನ ಜಾಕೆಟ್ ಎಂದರೆ 9 ಇಂಚಿನ ಕಾಲಂ 17 ಇಂಚಾಗುತ್ತದೆ, ಎರಡೂವರೆ ಅಡಿಯ ಓಣಿಯಲ್ಲಿ ಅದು ದಾರಿಯನ್ನೇ ಕಟ್ಟುತ್ತದೆ. ನಕ್ಷೆ ಬರೆಯುವಾಗಲೇ ಇದನ್ನು ನೋಡಿಕೊಳ್ಳಬೇಕು.

ಗುತ್ತಿಗೆಯ ಷರತ್ತಿನಲ್ಲಿ ಒಂದು ಸಣ್ಣ ಬದಲಾವಣೆ ದೊಡ್ಡ ಕೆಲಸ ಮಾಡುತ್ತದೆ. ಗಾರೆಯ ಚದರ ಮೀಟರಿಗೆ ಮಾತ್ರ ಹಣ ಕೊಟ್ಟರೆ ಗುತ್ತಿಗೆದಾರರು ಕೊರೆಯುವುದನ್ನು ಕಡಿಮೆ ಮಾಡಿ ಬಳಿಯುವುದನ್ನು ಹೆಚ್ಚು ಮಾಡುತ್ತಾರೆ. ಕೊರೆದ ಆಳ, ಬಿಡಿಸಿದ ಕಂಬಿಯ ಉದ್ದ, ಸೇರಿಸಿದ ಕಂಬಿಯ ತೂಕ ಇವುಗಳಿಗೆ ಪ್ರತ್ಯೇಕ ದರ ಇಟ್ಟು, ಮುಚ್ಚುವ ಮುಂಚೆ ಮನೆಯವರ ಸಹಿ ಇರುವ ಫೋಟೋ ಕಡ್ಡಾಯ ಮಾಡಬೇಕು.

ಜನ ವಾಸ ಇರುವಾಗಲೇ ಈ ಕೆಲಸ ಮಾಡಬಹುದು. ಒಂದರ ಮೇಲೊಂದು ಇರುವ ನಾಲ್ಕು ಮನೆಗಳ ಬಚ್ಚಲು ಸಾಲನ್ನು ಒಂದೇ ಸಲ ಹಿಡಿದರೆ ಪೈಪು ಮೇಲಿಂದ ಕೆಳಗೆ ಪೂರ್ತಿ ಬದಲಾಗುತ್ತದೆ. ಬಿಡಿ ಬಿಡಿಯಾಗಿ ಮಾಡಿದರೆ ಮೇಲಿನ ಹಳೆಯ ಎರಕದ ಕಬ್ಬಿಣದ ಪೈಪಿನ ಸೋರಿಕೆ ಕೆಳಗಿನ ಹೊಸ ಕೆಲಸವನ್ನು ಹಾಳುಮಾಡುತ್ತದೆ. ಆ ಅವಧಿಗೆ ಹೋಗಿ ಇರಲು ಅದೇ ಆವರಣದಲ್ಲಿ ನಾಲ್ಕಾರು ಖಾಲಿ ಮನೆಗಳನ್ನು ಕಾದಿರಿಸಬೇಕು. ಕೆಡವಿಯೇ ಕಟ್ಟಬೇಕೆಂದಾದರೆ ಆವರಣದ ಖಾಲಿ ಮೂಲೆಯಲ್ಲಿ ಮೊದಲ ಬ್ಲಾಕ್ ಎದ್ದು, ಜನ ಅಲ್ಲಿಗೆ ಹೋದ ಮೇಲೆ ಅವರ ಹಳೆಯ ಬ್ಲಾಕ್ ಬೀಳಲಿ. ಸ್ಥಳಾಂತರ ಏಪ್ರಿಲ್, ಮೇ ತಿಂಗಳಲ್ಲಿ ನಡೆಯಲಿ, ಮಕ್ಕಳ ಶಾಲೆ ವರ್ಷದ ನಡುವೆ ತಪ್ಪಬಾರದು. ಹೊರಗೆ ಬಾಡಿಗೆ ಮನೆ ಹಿಡಿಯಲು ತಿಂಗಳ ಬಾಡಿಗೆ ಕೊಟ್ಟರೆ ಸಾಲದು, ಅಡ್ವಾನ್ಸ್ ಹಣವೂ ಬೇಕು. ಮನೆಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಕೈಯಲ್ಲಿ ಒಂದೇ ಸಲಕ್ಕೆ ಅಷ್ಟು ದುಡ್ಡು ಇರುವುದಿಲ್ಲ.

ಇನ್ನು ಹೊಸದಾಗಿ ಕಟ್ಟುವ ಲೆಕ್ಕ. ಒಂದು ಎಕರೆಯ ಹಳೆಯ ಕ್ವಾರ್ಟರ್ಸ್, 64 ಕುಟುಂಬಗಳು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಎಕರೆಗೆ 43,560 ಚದರಡಿ, ಎಫ್‌ಎಆರ್ (ನಿವೇಶನದ ಎಷ್ಟು ಪಟ್ಟು ವಿಸ್ತೀರ್ಣ ಕಟ್ಟಬಹುದೆಂಬ ಅನುಪಾತ) 2.25 ಸಿಕ್ಕರೆ ಕಟ್ಟಬಹುದಾದದ್ದು ಸುಮಾರು 98,000 ಚದರಡಿ. ಇದ್ದ ದುರ್ಬಲ ವರ್ಗದ 64 ಕುಟುಂಬಗಳಿಗೆ ಮೆಟ್ಟಿಲು, ಓಣಿಯ ಪಾಲೂ ಸೇರಿ ತಲಾ 500 ಚದರಡಿಯಂತೆ 32,000. ಕಡಿಮೆ ಆದಾಯದ 40 ಕುಟುಂಬಗಳಿಗೆ ತಲಾ 700ರಂತೆ 28,000. ಮಾರಾಟಕ್ಕೆ ತಲಾ 1,000 ಚದರಡಿಯ 37 ಮನೆಗಳು. ಉಳಿದ 1,000 ಚದರಡಿಯಲ್ಲಿ ಬೀದಿಗೆ ಮುಖಮಾಡಿ 8 ಅಂಗಡಿ. ನೆಲದ ಅರ್ಧ ಭಾಗದಲ್ಲಿ ಕಟ್ಟಿದರೆ ನೆಲಮಹಡಿಯೂ ಸೇರಿ ಐದು ಅಂತಸ್ತಿನಲ್ಲಿ ಇಷ್ಟೂ ಮುಗಿಯುತ್ತದೆ, ಗಗನಚುಂಬಿ ಬೇಕಿಲ್ಲ. ಬ್ರಿಟಿಷರ ಕಾಲದಲ್ಲಿ ಬಾಂಬೆ ಅಭಿವೃದ್ಧಿ ಇಲಾಖೆ ಕಟ್ಟಿದ್ದ ಮುಂಬೈನ ಬಿಡಿಡಿ ಚಾಳುಗಳಲ್ಲಿ 160 ಚದರಡಿಯ ಖೋಲಿಗಳಲ್ಲಿದ್ದವರಿಗೆ 500 ಚದರಡಿಯ ಮನೆ ಸಿಗುತ್ತಿರುವುದು, 2025ರ ಆಗಸ್ಟ್‌ನಲ್ಲಿ ವರ್ಳಿಯಲ್ಲಿ ಮೊದಲ 556 ಕುಟುಂಬಗಳಿಗೆ ಕೀಲಿ ಕೊಟ್ಟದ್ದು ಸಂತೋಷದ ವಿಷಯ. ಆದರೆ ಅವು 40 ಅಂತಸ್ತಿನ ಗೋಪುರಗಳು. ಅಷ್ಟೆತ್ತರದ ಲಿಫ್ಟು, ಪಂಪು, ಅಗ್ನಿಶಾಮಕ ವ್ಯವಸ್ಥೆಯ ಖರ್ಚನ್ನು ಕಡಿಮೆ ಆದಾಯದ ಕುಟುಂಬಗಳು ತಲೆಮಾರುಗಟ್ಟಲೆ ಹೊರಬೇಕು. ಬೆಂಗಳೂರಿನಲ್ಲಿ ಆ ಎತ್ತರಕ್ಕೆ ಹೋಗುವ ಅಗತ್ಯ ಬಹುಪಾಲು ಕಡೆ ಇಲ್ಲ.

ಕೇಂದ್ರದ ನೆರವಿನ ನಿಯಮವೂ ಸಣ್ಣ ಜಾಗಗಳಿಗೆ ಅಡ್ಡ ಬಂದಿದೆ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ಸಹಭಾಗಿತ್ವದ ವಸತಿಯಲ್ಲಿ ದುರ್ಬಲ ವರ್ಗದ ಮನೆಗೆ ಒಂದೂವರೆ ಲಕ್ಷ ರೂಪಾಯಿ ಸಿಗಬೇಕಾದರೆ ಒಂದು ಯೋಜನೆಯಲ್ಲಿ ಕನಿಷ್ಠ 250 ಮನೆ ಇರಬೇಕು, ಅವುಗಳಲ್ಲಿ 35 ಶೇಕಡಾ ದುರ್ಬಲ ವರ್ಗಕ್ಕೆ ಇರಬೇಕು ಎಂದಿತ್ತು. ನಮ್ಮ ಉದಾಹರಣೆಯಲ್ಲಿ ದುರ್ಬಲ ವರ್ಗದ ಪಾಲು 45 ಶೇಕಡಾ ಆಗುತ್ತದೆ, ಆದರೆ ಒಟ್ಟು ಮನೆ 141. ದೊಡ್ಡ ಜಾಗ ಸಿಗುವುದು ಊರ ಹೊರಗೆ; ಹಾಗಾಗಿ ಯೋಜನೆಗಳೂ ಊರ ಹೊರಗೇ ಹೋದವು. ರಾಜ್ಯ ಸರ್ಕಾರ ಕೋರಿದರೆ 250ರ ಮಿತಿಯನ್ನು ಸಡಿಲಿಸುವ ಅವಕಾಶ ಅದೇ ಮಾರ್ಗಸೂಚಿಯಲ್ಲಿತ್ತು. ಊರ ನಡುವಿನ ಹಳೆಯ ಕಾಲೊನಿಗಳಿಗೆ ಅಂಥ ಅವಕಾಶವನ್ನು ರಾಜ್ಯ ಕೇಳಿ ಪಡೆಯಬೇಕು.

ಮನೆಗಳನ್ನು ಬೆರೆಸುವುದು ಹೇಗೆ ಎಂಬಲ್ಲಿ ನಮ್ಮ ನಿಲುವು ಗಟ್ಟಿಯಾಗಿದೆ. ರಸ್ತೆಯ ಕಡೆ ಮಾರಾಟದ ಗೋಪುರ, ಹಿಂದೆ ರಾಜಕಾಲುವೆಯ ಪಕ್ಕ ಬಡವರ ಬ್ಲಾಕ್, ನಡುವೆ ಆರಡಿ ಕಾಂಪೌಂಡ್, ಎರಡು ಬೇರೆ ಗೇಟು: ಇದು ಮಿಶ್ರ ವಸತಿಯೇ ಅಲ್ಲ. ಹಾಗೆ ಬೇರೆಯಾದ ದಿನವೇ ನಿರ್ವಹಣೆಯ ಹಣವೂ ಬೇರೆಯಾಗುತ್ತದೆ. ಹಿಂದಿನ ಬ್ಲಾಕಿನ ಪಂಪು ಸುಟ್ಟರೆ ರಿವೈಂಡಿಂಗ್‌ಗೂ ದುಡ್ಡಿರುವುದಿಲ್ಲ. ಒಂದೇ ಕಾಲಂ ಅಂತರದ ಮೇಲೆ ಒಂದು ಕೋಣೆಯ, ಎರಡು ಕೋಣೆಯ, ಮೂರು ಕೋಣೆಯ ಮನೆಗಳನ್ನು ಜೋಡಿಸಬಹುದು, ಪ್ರತಿ ಮೆಟ್ಟಿಲಿಗೂ (ಒಂದೇ ಮೆಟ್ಟಿಲನ್ನು ಬಳಸುವ ಮನೆಗಳ ಗುಂಪಿಗೂ) ಮೂರೂ ಬಗೆ ಬರಬಹುದು. ಹೊರಗಿನ ಬಣ್ಣ, ಕಿಟಕಿ, ಮೆಟ್ಟಿಲಿನ ಕಲ್ಲು ಒಂದೇ ಇರಲಿ. ವ್ಯತ್ಯಾಸ ಬೇಕಿದ್ದರೆ ಮನೆಯೊಳಗೆ ಇರಲಿ. ನೆಲಮಹಡಿ ವಯಸ್ಸಾದವರಿಗೆ, ಅಂಗವಿಕಲರಿಗೆ. ಬೀದಿಯ ಬದಿಗೆ ಕಾಂಪೌಂಡ್ ಬೇಡ, ಅಂಗಡಿ ಮತ್ತು ಅಂಗನವಾಡಿ ಬರಲಿ. ಸಂಜೆ ದೀಪ ಇರುವ ಬಾಗಿಲುಗಳಿಂದ ಬೀದಿಗೆ ಜೀವ ಬರುತ್ತದೆ, ಒಂಟಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ.

ಕಾರು ನಿಲ್ಲಿಸುವ ಜಾಗದ ಲೆಕ್ಕವನ್ನು ಯಾರೂ ಬಿಚ್ಚಿ ಹೇಳುವುದಿಲ್ಲ. ನೆಲಮಾಳಿಗೆಯಲ್ಲಿ ಒಂದು ಕಾರಿಗೆ ಓಡಾಟದ ದಾರಿಯೂ ಸೇರಿ 32 ಚದರ ಮೀಟರ್ ಹಿಡಿಯುವುದು ವಾಡಿಕೆ. 2015ರ ಆವಾಸ್ ಯೋಜನೆಯಲ್ಲಿ ದುರ್ಬಲ ವರ್ಗದ ಮನೆಯ ಕಾರ್ಪೆಟ್ ವಿಸ್ತೀರ್ಣ (ಗೋಡೆಗಳ ಒಳಗಿನ ನೆಲ) 30 ಚದರ ಮೀಟರ್‌ವರೆಗೆ ಇತ್ತು. ಒಂದು ಸಂಸಾರಕ್ಕಿಂತ ಒಂದು ಕಾರಿಗೆ ಹೆಚ್ಚು ಜಾಗ. ಕಾರಿನ ಜಾಗವನ್ನು ಮನೆಯ ಬೆಲೆಯಿಂದ ಬೇರ್ಪಡಿಸಿ, ಬೇಕಾದವರಿಗೆ ಬಾಡಿಗೆಗೆ ಕೊಟ್ಟು, ಆ ಹಣವನ್ನೂ ದುರಸ್ತಿ ನಿಧಿಗೆ ಸೇರಿಸಬೇಕು.

ನೀರಿನ ವ್ಯವಸ್ಥೆಯಲ್ಲಿ ಆಗುವ ಎಡವಟ್ಟು ಕೊನೆಗೆ ಕಟ್ಟಡಕ್ಕೇ ಕುತ್ತಾಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್, ಮನೆಗೆ ನಾಲ್ಕೂವರೆ ಜನ ಎಂದರೆ 141 ಮನೆಗೆ ದಿನಕ್ಕೆ ಸುಮಾರು 86,000 ಲೀಟರ್ ಬೇಕು. ಸಂಪು ಒಂದೂವರೆ ದಿನದ್ದಾದರೂ ಇರಬೇಕು. ಸಾರ್ವಜನಿಕ ಟ್ಯಾಂಕಿನಿಂದ ನೀರು ಸರಿಯಾಗಿ ಬಾರದಿದ್ದರೆ ಪ್ರತಿ ಮನೆಯವರೂ ತಾರಸಿಯಲ್ಲಿ 500 ಲೀಟರಿನ ಸ್ವಂತ ಸಿಂಟೆಕ್ಸ್ ಟ್ಯಾಂಕ್ ಇಡುತ್ತಾರೆ. 141 ಟ್ಯಾಂಕ್ ತುಂಬಿದರೆ 70 ಟನ್. ಅದು ಬೀಮಿನ ಮೇಲಿರುವುದಿಲ್ಲ, ಜಾಗ ಸಿಕ್ಕಲ್ಲಿ, ಅನೇಕ ಸಲ ಪ್ಯಾರಪೆಟ್ ಗೋಡೆಯ ಮೇಲೆ ಇರುತ್ತದೆ. ಮೆಟ್ಟಿಲಿಗೊಂದು ಟ್ಯಾಂಕ್, ಕಾಲಂಗಳ ನೇರಕ್ಕೆ, ಮನೆಗೊಂದು ಮೀಟರ್, ಪೈಪುಗಳು ಓಣಿಯ ಕಡೆಯಿಂದ ಬಾಗಿಲು ತೆರೆದು ಕೈ ಹಾಕಬಹುದಾದ, ಎರಡೂವರೆ ಅಡಿ ಅಗಲದ ಡಕ್ಟಿನಲ್ಲಿ. ಅಲ್ಯೂಮಿನಿಯಂ ಅಚ್ಚಿನಲ್ಲಿ ಇಡೀ ಮನೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುವ ಪದ್ಧತಿ ಬೇಗ ಮುಗಿಯುತ್ತದೆಂದು ಎಲ್ಲೆಡೆ ಬಂದಿದೆ. ಆ ಗೋಡೆಯೊಳಗೆ ಪೈಪು ಹೂತಿಟ್ಟರೆ ಮುಂದೆ ಸೋರಿದಾಗ ಭಾರ ಹೊರುವ ಗೋಡೆಯನ್ನೇ ಒಡೆಯಬೇಕಾಗುತ್ತದೆ. ಆ ಪದ್ಧತಿಯಲ್ಲಿ ಪೈಪುಗಳು ಗೋಡೆಯ ಹೊರಗೇ ಇರಬೇಕು. ಹೊರಚರಂಡಿಯ 6 ಇಂಚಿನ ಪೈಪಿಗೆ 100ಕ್ಕೆ 1ರ ಇಳಿಜಾರು, ಪ್ರತಿ ತಿರುವಿಗೂ ಚೇಂಬರ್ ತಪ್ಪಬಾರದು. ಒಡೆದ ಚೇಂಬರಿನ ನೀರು ವರ್ಷಗಟ್ಟಲೆ ಪಾಯದ ಮಣ್ಣಿಗೆ ಇಂಗಿದ ಮೇಲೆ ಬರುವ ಓರೆ ಬಿರುಕನ್ನು ಗಾರೆಯಿಂದ ಮುಚ್ಚಲಾಗದು.

ಮಣ್ಣಿನ ಮಾತೂ ಬಂತು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಈ ಊರಿನಲ್ಲಿ ಹಳೆಯ ಕೆರೆಯಂಗಳ ಎಲ್ಲಿ ಮುಗಿಯಿತೆಂದು ನೆಲದ ಮೇಲೆ ನಿಂತು ಹೇಳಲಾಗದು. ಬ್ಲಾಕಿಗೆ ಕನಿಷ್ಠ ಒಂದರಂತೆ ಗಟ್ಟಿ ನೆಲ ಸಿಗುವವರೆಗೆ ಬೋರ್ ಕೊರೆದು ಮಣ್ಣು ಪರೀಕ್ಷೆ ಮಾಡದೆ ಪಾಯದ ನಕ್ಷೆಗೆ ಸಹಿ ಬೀಳಬಾರದು. ಹೊಸದೆಂಬ ಮಾತ್ರಕ್ಕೆ ಕಟ್ಟಡ ಗಟ್ಟಿ ಎನ್ನುವಂತಿಲ್ಲ: 2021ರ ಅಕ್ಟೋಬರ್‌ನಲ್ಲಿ ಬಿನ್ನಿಮಿಲ್ ಬಳಿ ವಾಲಿದ, ಕುಟುಂಬಗಳನ್ನು ತರಾತುರಿಯಲ್ಲಿ ತೆರವು ಮಾಡಿಸಬೇಕಾದ ಪೊಲೀಸ್ ವಸತಿ ಕಟ್ಟಡಕ್ಕೆ ಆಗಿನ್ನೂ ಕೆಲವೇ ವರ್ಷವಾಗಿತ್ತು.

ಎಲ್ಲಕ್ಕಿಂತ ಮುಖ್ಯವಾದ ಹಣದ ವಿಷಯ. ನಿರ್ವಹಣೆಗೆ ಚದರಡಿಗೆ ತಿಂಗಳಿಗೆ 3 ರೂಪಾಯಿ ಎಂದಿಟ್ಟುಕೊಂಡರೆ 500 ಚದರಡಿಯ ಮನೆಗೆ 1,500 ರೂಪಾಯಿ. ದುರ್ಬಲ ವರ್ಗದ ಆದಾಯ ಮಿತಿ ವರ್ಷಕ್ಕೆ 3 ಲಕ್ಷ. ಮಿತಿಯ ತುದಿಯಲ್ಲಿರುವ ಕುಟುಂಬಕ್ಕೆ ಅದು ತಿಂಗಳ ಆದಾಯದ 6 ಶೇಕಡಾ, ತಿಂಗಳಿಗೆ 15,000 ದುಡಿಯುವ ಕುಟುಂಬಕ್ಕೆ 10 ಶೇಕಡಾ. ಅವರು ಕಟ್ಟಲಾರರು. ಕಟ್ಟದಿದ್ದಾಗ ಕಟ್ಟುವವರಿಗೆ ಸಿಟ್ಟು ಬರುತ್ತದೆ, ಲಿಫ್ಟ್ ನಿಲ್ಲುತ್ತದೆ, ‘ಇಂಥವರ ಜೊತೆ ಇರಲಾಗದು’ ಎಂಬ ಮಾತು ಹುಟ್ಟುತ್ತದೆ. ಆಮೇಲೆ ಬಡ ಕುಟುಂಬ ಮನೆಯನ್ನು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಿ ಹೋಗುತ್ತದೆ.

ಇದನ್ನು ಅಂಗಡಿಗಳ ಬಾಡಿಗೆಯಿಂದ ಸರಿಪಡಿಸಬಹುದು. ಆ 8 ಅಂಗಡಿಗಳನ್ನು ಮಾರದೆ ನಿವಾಸಿಗಳ ಸಂಘದ ಹೆಸರಿಗೇ ಇಟ್ಟುಕೊಳ್ಳಬೇಕು. ತಲಾ 15,000 ಬಾಡಿಗೆ ಬಂದರೆ ತಿಂಗಳಿಗೆ 1,20,000 ರೂಪಾಯಿ. ದುರ್ಬಲ ವರ್ಗದ 64 ಮನೆಗೆ ತಲಾ ಸಾವಿರ ರೂಪಾಯಿ ವಿನಾಯಿತಿ ಕೊಟ್ಟರೆ 64,000 ಹೋಯಿತು, ಅವರು ತಲಾ 500 ಕಟ್ಟಿದರೆ ಸಾಕು. ಉಳಿದ 56,000 ದುರಸ್ತಿ ನಿಧಿಗೆ, ವರ್ಷಕ್ಕೆ 6,72,000. ಇದರ ಜೊತೆಗೆ ಕಟ್ಟುವ ವೆಚ್ಚದ 2 ಶೇಕಡಾವನ್ನು ಮೊದಲೇ ಠೇವಣಿ ಇಡಿಸಬೇಕು. ಚದರಡಿಗೆ 2,000 ರೂಪಾಯಿಯಂತೆ 98,000 ಚದರಡಿಗೆ 19.6 ಕೋಟಿ, ಅದರಲ್ಲಿ 39.2 ಲಕ್ಷ ಠೇವಣಿ. 7 ಶೇಕಡಾ ಬಡ್ಡಿ ಸಿಕ್ಕರೆ ವರ್ಷಕ್ಕೆ 2.7 ಲಕ್ಷ. ಈ ದರಗಳು ಲೆಕ್ಕ ತೋರಿಸಲು ಇಟ್ಟವು, ಊರಿಂದ ಊರಿಗೆ ಬದಲಾಗುತ್ತವೆ. ಆದರೆ ಲೆಕ್ಕದ ದಾರಿ ಇದೇ. ಆರೇಳು ವರ್ಷಕ್ಕೊಮ್ಮೆ ಹೊರಬಣ್ಣ, ಹತ್ತು ಹನ್ನೆರಡು ವರ್ಷಕ್ಕೊಮ್ಮೆ ತಾರಸಿಯ ಜಲನಿರೋಧಕ ಪದರ, ಇಪ್ಪತ್ತರ ಆಸುಪಾಸಿಗೆ ಲಿಫ್ಟ್ ಇವೆಲ್ಲ ಬರುವುದು ಖಚಿತವಾದ್ದರಿಂದ ಲಿಫ್ಟಿಗೆ ಪ್ರತ್ಯೇಕ ಖಾತೆಯೇ ಇರಲಿ. ಸ್ಥಿರಾಸ್ತಿ ನಿಯಂತ್ರಣದ ರೇರಾ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ತಿಳಿಸಿದ ರಚನೆಯ ಮತ್ತು ಕೆಲಸದ ದೋಷಗಳನ್ನು ಕಟ್ಟಿದವರೇ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ನಾಲ್ಕನೇ ವರ್ಷದ ಮಳೆಗಾಲ ಮುಗಿದ ಕೂಡಲೇ ಇಡೀ ಕಟ್ಟಡದ ತಟ್ಟು ಪರೀಕ್ಷೆ, ನೀರು ನಿಲ್ಲಿಸುವ ಪರೀಕ್ಷೆ ಮಾಡಿಸಿ ಬರಹದಲ್ಲಿ ದೂರು ಕೊಡುವ ಜವಾಬ್ದಾರಿಯನ್ನು ಸಂಘದ ಬೈಲಾದಲ್ಲೇ ಬರೆಯಬೇಕು. ಸಂಘದಲ್ಲಿ ಮನೆಗೊಂದು ಮತ, ಪ್ರತಿ ಮೆಟ್ಟಿಲಿಗೊಬ್ಬರು ಸಮಿತಿಯಲ್ಲಿ. ಚದರಡಿಯ ಲೆಕ್ಕದಲ್ಲಿ ಮತ ಕೊಟ್ಟರೆ 1,000 ಚದರಡಿಯ 37 ಮನೆಗಳ ತೂಕ 500 ಚದರಡಿಯ 64 ಮನೆಗಳಿಗಿಂತ ಹೆಚ್ಚಾಗಿಬಿಡುತ್ತದೆ.

ಎಲ್ಲ ಮನೆಗಳನ್ನೂ ಹಕ್ಕುಪತ್ರದ ಮೇಲೆ ಹಂಚಬೇಕಿಲ್ಲ. ಕಡಿಮೆ ಆದಾಯದ 40 ಮನೆಗಳಲ್ಲಿ ಅರ್ಧವನ್ನಾದರೂ ಸಾರ್ವಜನಿಕ ಬಾಡಿಗೆ ಮನೆಗಳಾಗಿ ಉಳಿಸಿಕೊಂಡರೆ ಪೌರಕಾರ್ಮಿಕರು, ಶುಶ್ರೂಷಕಿಯರು, ಬಸ್ ಚಾಲಕರು ಕೆಲಸದ ಹತ್ತಿರ ಇರಬಹುದು. ಹಕ್ಕುಪತ್ರದ ಮನೆ ಒಮ್ಮೆ ಕೈಬದಲಾದರೆ ಮತ್ತೆ ಬಡವರಿಗೆ ಬಾರದು. ಬಾಡಿಗೆ ಮನೆ ಒಂದು ಕುಟುಂಬ ಬಿಟ್ಟಾಗ ಇನ್ನೊಂದಕ್ಕೆ ಸಿಗುತ್ತದೆ.

ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಈಗ ತಮ್ಮ ತಮ್ಮ ವ್ಯಾಪ್ತಿಯ ಆಸ್ತಿಗಳಿಗೆ ಹೊಣೆಯಾಗಿವೆ. ಅವರಲ್ಲಿ ನಮ್ಮ ಕೋರಿಕೆ ಇಷ್ಟು. ಯಾವುದೇ ವಸತಿ ಸಮುಚ್ಚಯಕ್ಕೆ ‘ಶಿಥಿಲ’ ನೋಟಿಸ್ ಅಂಟಿಸುವ ಮುಂಚೆ ಕೋರ್, ಇಂಗಾಲದ ಆಳ ಮತ್ತು ಕಂಬಿಯ ಅಳತೆಗಳಿರುವ ವರದಿಯನ್ನು, ದುರಸ್ತಿ ಮತ್ತು ಹೊಸ ನಿರ್ಮಾಣ ಎರಡರ ಎಸ್ಟಿಮೇಟನ್ನೂ ಕನ್ನಡದಲ್ಲಿ ವಾರ್ಡ್ ಕಚೇರಿಯ ಫಲಕದಲ್ಲಿ ಹಾಕಲಿ. ಬೇರೆ ಎಂಜಿನಿಯರುಗಳಿಂದ ಮರುಪರೀಕ್ಷೆ ಮಾಡಿಸಿಕೊಳ್ಳಲು ನಿವಾಸಿಗಳಿಗೆ 60 ದಿನ ಕೊಡಲಿ. ಆ ಫಲಕದಲ್ಲೇ ಇನ್ನೊಂದು ಪಟ್ಟಿಯೂ ಇರಲಿ: ಹಂಚಿಕೆದಾರರು, ಬಾಡಿಗೆದಾರರು ಎಂಬ ಭೇದವಿಲ್ಲದೆ ಆ ದಿನ ಅಲ್ಲಿ ವಾಸವಿರುವ ಪ್ರತಿ ಕುಟುಂಬದ ಮನೆ ಸಂಖ್ಯೆ, ಎಷ್ಟು ವರ್ಷದಿಂದ ಇದ್ದಾರೆ ಎಂಬುದು, ಮತ್ತು ಕಾಮಗಾರಿಯ ವೇಳೆ ಅವರು ಎಲ್ಲಿ ಇರುತ್ತಾರೆ ಎಂಬುದು.

ಇಂತಿ ತಮ್ಮ ವಿಶ್ವಾಸಿಗಳು,
ವಸತಿ ಕಟ್ಟಡಗಳ ಪರೀಕ್ಷೆ ಮತ್ತು ದುರಸ್ತಿಯಲ್ಲಿ ತೊಡಗಿರುವ ಎಂಜಿನಿಯರುಗಳು,
ಬೆಂಗಳೂರು